ತೊಡೆಯ ಕೆಳಗಿನ ಕೈಗಳು

(ಗುರುತು ಸಿಗದಂತೆ ವಯಸ್ಸು, ಕೆಲಸ, ಊರು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದವರ ವಯಸ್ಸು 34. ಕೆಲಸದ ಮೇಲೆ ತಿಂಗಳಿಗೆ ಎರಡು ಸಲ ಬೆಂಗಳೂರಿಂದ ದೆಹಲಿಗೆ ಓಡಾಟ. ಕೂತವರೇ, "ಮೇಡಂ, ವಿಮಾನ ಬೀಳುತ್ತೆ ಅನ್ನೋ ಭಯ ಅಲ್ಲ ನನಗೆ" ಎಂದರು. ಮತ್ತೇನು ಅಂತ ಹೇಳುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ಒಮ್ಮೆ ರೆಕ್ಕೆ ಪಕ್ಕದ ತುರ್ತು ಬಾಗಿಲ ಸಾಲಿನಲ್ಲಿ ಸೀಟು ಸಿಕ್ಕಿತ್ತು. ಗಗನಸಖಿ ಬಂದು ಬಾಗಿಲು ತೆಗೆಯುವ ಕ್ರಮ ಹೇಳಿ, ಸಹಾಯ ಮಾಡುತ್ತೀರಾ ಎಂದು ಕೇಳಿದರು. ಹೂಂ ಅಂದರು. ವಿಮಾನ ಮೇಲೇರಿದ ಮೇಲೆ ತಲೆಯಲ್ಲಿ ಒಂದೇ ಮಾತು: ನಾನೇ ಇದನ್ನು ಎಳೆದುಬಿಟ್ಟರೆ? ದೆಹಲಿ ಮುಟ್ಟುವವರೆಗೂ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರಂತೆ.

2025ರ ಜೂನ್ 12ರ ಅಹಮದಾಬಾದ್ ದುರಂತದಲ್ಲಿ ಬದುಕಿದ ಒಬ್ಬರೇ ಪ್ರಯಾಣಿಕರು ಕೂತಿದ್ದು 11ಎ, ತುರ್ತು ಬಾಗಿಲ ಹತ್ತಿರ. ಆಮೇಲೆ ಎಷ್ಟೋ ಜನ ಆ ಸೀಟನ್ನೇ ಕೇಳಿದರು. ಇವರು ಮಾತ್ರ ಅದರಿಂದ ದೂರ ಓಡುತ್ತಿದ್ದರು. ಕೊನೆಕೊನೆಗೆ ಭಾವನ ನಿದ್ದೆ ಮಾತ್ರೆ ನುಂಗಿ ವಿಮಾನ ಹತ್ತುತ್ತಿದ್ದರು.

ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿದೆ. ಇಲ್ಲ ಎಂದರು. ಬೇರೆ ಪ್ರಶ್ನೆಗಳಿಗೂ ಅವರ ಉತ್ತರ ಅದಕ್ಕೆ ತಾಳೆಯಾಯಿತು.

ಬಾಗಿಲ ಲೆಕ್ಕ ಹೇಳಿದೆ. ಎತ್ತರದಲ್ಲಿ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಜಾಸ್ತಿ, ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕೆಜಿ. ಅವರು ಕೂತಿದ್ದ ತರದ ವಿಮಾನದಲ್ಲಿ ಆ ಬಾಗಿಲು ಮೊದಲು ಒಳಕ್ಕೆ ಬರಬೇಕು. ಅಂದರೆ ಎರಡು ಟನ್ನಿಗೂ ಮೀರಿದ ಒತ್ತಡದ ಎದುರು ಎಳೆಯಬೇಕು. ಯಾವ ಪೈಲ್ವಾನನಿಗೂ ಆಗದ ಕೆಲಸ.

"ಕೊರಿಯಾದಲ್ಲಿ ಒಬ್ಬ ತೆಗೆದನಲ್ಲ?" ಎಂದರು. ಎಲ್ಲ ಓದಿಕೊಂಡೇ ಬಂದಿದ್ದರು! ನಿಜ, 2023ರ ಮೇನಲ್ಲಿ ಡೇಗುವಿನಲ್ಲಿ. ಆದರೆ ಅದು ಇಳಿಯುವ ಹೊತ್ತು, ಸುಮಾರು 700 ಅಡಿ ಎತ್ತರ. ಅಲ್ಲಿ ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಒಂದೇ. ಬಾಗಿಲು ತೆರೆದೇ ಇಳಿಯಿತು, ಎಲ್ಲರೂ ಬದುಕಿದರು. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ನನಗೆ ಸರಿ ಕಾಣಲಿಲ್ಲ.

ಎರಡು ದಿನ ನಿರಾಳ. ಮೂರನೇ ದಿನ ಫೋನು: "ಆ ಲೆಕ್ಕ ಇನ್ನೊಮ್ಮೆ ಹೇಳಿ." ಹೇಳಲಿಲ್ಲ. ಒಂದು ಸಲ ಕೇಳಿದರೆ ಅದು ತಿಳಿವಳಿಕೆ. ಹತ್ತು ಸಲ ಕೇಳಿದರೆ ಅದೂ ಭಾವನ ಮಾತ್ರೆಯೇ. ಜೋಗದ ಕಂಬಿ ಹಿಡಿದು ನಿಂತಾಗ "ಹಾರಿಬಿಟ್ಟರೆ?" ಅಂತ ಎಷ್ಟು ಜನಕ್ಕೆ ಅನ್ನಿಸಲ್ಲ? ನನಗೂ ಅನ್ನಿಸಿದೆ. ಅದು ಆಸೆಯಲ್ಲ. ಇವರಿಗೆ ಆ ಯೋಚನೆ ಬಂದದ್ದು ತೊಂದರೆಯಾಗಿರಲಿಲ್ಲ, ಅದನ್ನು ಕಾವಲು ಕಾಯಲು ಹೊರಟದ್ದು ತೊಂದರೆ.

ಹೇಳಿದ್ದು ಇಷ್ಟು. ವಿಮಾನದ ವಿಡಿಯೋ ಹುಡುಕುವುದು ನಿಲ್ಲಿಸಿ. ಆ ಮಾತ್ರೆ ಬೇಡ, ಬೇಕೇ ಅನ್ನಿಸಿದರೆ ಮನೋವೈದ್ಯರನ್ನು ಕಾಣಿ. ಸದ್ಯಕ್ಕೆ ಆ ಸಾಲು ಕೊಟ್ಟರೆ ಬೇರೆ ಸೀಟು ಕೇಳಿ, ಅದರಲ್ಲಿ ನಾಚಿಕೆ ಇಲ್ಲ. ತುರ್ತಿನಲ್ಲಿ ಬಾಗಿಲು ತೆಗೆಯಲು ಮನಸ್ಸಿರುವವರೇ ಅಲ್ಲಿರಬೇಕು. ಆದರೆ ತೀರಾ ದೂರವೂ ಹೋಗಬೇಡಿ, ಎರಡು ಸಾಲು ಹಿಂದೆ ಕೂರಿ. ಯೋಚನೆ ಬಂದರೆ "ಬಂತು" ಅಂದುಕೊಳ್ಳಿ, ವಾದ ಮಾಡಬೇಡಿ. ಮುಖ್ಯವಾಗಿ, ಕೈ ಮಡಿಲ ಮೇಲಿರಲಿ.

ಮೊದಲ ಸಲ ಆಗಲಿಲ್ಲ, ಅರ್ಧ ದಾರಿಯಲ್ಲಿ ಕೈ ಮತ್ತೆ ಕೆಳಗೆ ಹೋಯಿತಂತೆ. ಮೂರನೇ ಪ್ರಯಾಣದ ನಂತರ ಮೆಸೇಜು ಬಂತು: "ಯೋಚನೆ ನಾಲ್ಕು ಸಲ ಬಂತು. ಕೈ ಮೇಲೇ ಇತ್ತು, ಉಪ್ಪಿಟ್ಟು ತಿಂತಿದ್ದೆ."