ಅಂಬಾಸಿಡರ್ ಡೀಸೆಲ್ ಇಂಜಿನ್ ಮನೆಯಲ್ಲೇ ಇಳಿಸಿ ಬೋರಿಂಗ್‌ಗೆ (ಸವೆದ ಸಿಲಿಂಡರ್ ಕೊರೆಸಿ ಸರಿ ಮಾಡಿಸಲು) ಸಾಗಿಸಬೇಕು. ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ) ಒಂದು ಟನ್ನಿನದ್ದು ಸಾಕಾ, ಎರಡು ಟನ್ನಿನದ್ದು ಬೇಕಾ? ಮಾವಿನ ಕೊಂಬೆಗೆ ಕಟ್ಟಿ ಎತ್ತೋಣ ಅಂತಿದ್ದೀನಿ. ಬೋರಿಂಗ್ ಅಂಗಡಿಯಲ್ಲೇ ಜೋಡಿಸಿದರೆ ಗ್ಯಾರಂಟಿ ಸಿಗುತ್ತೆ. ಎತ್ತಿ ಟಾಟಾ ಏಸ್‌ಗೆ ಹಾಕಿಬಿಟ್ಟರೆ ಆಮೇಲೆ ಚಿಂತೆ ಇಲ್ಲ.

ಅರ್ಧ ಟನ್ನಿನದ್ದೇ ಸಾಕು. ಒಂದು ಟನ್ನಿನದ್ದು ಬಾಡಿಗೆಗೆ ಸಿಕ್ಕರೆ ಅದನ್ನೇ ತನ್ನಿ, ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ನನಗೆ ಗಾಬರಿ ಆಗಿದ್ದು ನೀವು ಕೊನೆಯಲ್ಲಿ ಬರೆದಿರುವ ಸಾಲು ಓದಿ: "ಎತ್ತಿ ಟಾಟಾ ಏಸ್‌ಗೆ ಹಾಕಿಬಿಟ್ಟರೆ ಆಮೇಲೆ ಚಿಂತೆ ಇಲ್ಲ." ಚಿಂತೆ ಶುರುವಾಗೋದೇ ಆಮೇಲೆ ಸ್ವಾಮಿ.

ನಮ್ಮದು ತಿಪಟೂರು. ಅಪ್ಪನ ಕಾಲದ ಮಾರ್ಕ್ 4 ಡೀಸೆಲ್ ಅಂಬಾಸಿಡರ್, ಅದೇ 1489 ಸಿಸಿ ಇಂಜಿನ್. ಬಿಳಿ ಹೊಗೆ, ಬೆಳಗಾದರೆ ತಳ್ಳಾಟ, ಆಯಿಲ್ ಹಾಕಿದಷ್ಟೂ ಖಾಲಿ. ಬೋರಿಂಗ್ ಆಗಲೇಬೇಕು ಅಂದರು ನಮ್ಮ ಮೇಸ್ತ್ರಿ. ಕೆಲಸ ಮಾಡೋ ಅಂಗಡಿ ತುಮಕೂರಿನಲ್ಲಿ. ಕಾರನ್ನೇ ಎಳೆಸಿಕೊಂಡು ಹೋಗೋದು ದುಬಾರಿ ಅಂತ ಮನೆಯಲ್ಲೇ ಇಂಜಿನ್ ಇಳಿಸೋಣ ಅಂದೆ. ನಿಮ್ಮ ಲೆಕ್ಕಾಚಾರವೂ ಅದೇ ಅಲ್ವಾ?

ಚೈನ್ ಬ್ಲಾಕನ್ನು ಶೆಡ್ಡಿನ ತೊಲೆಗೆ ಕಟ್ಟೋಣ ಅಂತ ಏಣಿ ಹಾಕಿದೆ. ಮೇಸ್ತ್ರಿ ಕೆಳಗಿನಿಂದಲೇ ಕೂಗಿದರು, "ಅದು ಹೆಂಚು ಹೊರೋಕೆ ಹಾಕಿದ್ದು ಕಣಪ್ಪಾ, ಇಂಜಿನ್ ಹೊರೋಕಲ್ಲ. ಇಳಿ." ಕೊನೆಗೆ ಬೋರ್‌ವೆಲ್ ಮೋಟರ್ ಎತ್ತುವವರ ಹತ್ತಿರ ಮೂರು ಕಾಲಿನ ಸ್ಟ್ಯಾಂಡ್ ತಂದೆವು. ಚೈನ್ ಬ್ಲಾಕ್ ಎಷ್ಟು ಟನ್ನಿನದ್ದಾದರೂ ಇರಲಿ, ಅದು ನೇತಾಡೋ ಜಾಗಕ್ಕೆ ಅಷ್ಟು ತಾಕತ್ತು ಇಲ್ಲದಿದ್ದರೆ ಏನು ಪ್ರಯೋಜನ? ನೀವು ಹೇಳಿರೋ ಮಾವಿನ ಕೊಂಬೆಯನ್ನು ಮರೆತುಬಿಡಿ.

ಎತ್ತೋದು ನಿಜಕ್ಕೂ ಸಲೀಸು. ಬಾನೆಟ್, ರೇಡಿಯೇಟರ್, ಅದರ ಮುಂದಿನ ಪಟ್ಟಿ ಬಿಚ್ಚಿದರೆ ಜಾಗ ಸಿಗುತ್ತೆ. ಸರಪಳಿಯನ್ನು ಮ್ಯಾನಿಫೋಲ್ಡಿಗೋ ಡೀಸೆಲ್ ಪೈಪಿಗೋ ಸಿಕ್ಕಿಸಬೇಡಿ. ಗಟ್ಟಿ ಬ್ರಾಕೆಟ್ ಹಾಕಿ ಇಂಜಿನ್ ಮೇಲ್ಭಾಗದ ಹೆಡ್ಡಿನ ಸ್ಟಡ್ಡುಗಳಿಗೆ ಬಿಗಿಯಿರಿ. ಸರಪಳಿಯ ಎರಡು ಎಳೆ ಕಡಿದಾಗಿ ನಿಲ್ಲಬೇಕು. ಎಳೆ ಅಡ್ಡಕ್ಕೆ ಮಲಗಿ ನೆಲಕ್ಕೆ 30 ಡಿಗ್ರಿ ಆಯಿತು ಅಂದರೆ ಒಂದೊಂದು ಎಳೆಯ ಮೇಲೂ ಪೂರ್ತಿ ಇಂಜಿನ್ನಿನಷ್ಟು ಭಾರ ಬೀಳುತ್ತೆ. 60 ಡಿಗ್ರಿ ಇದ್ದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇಂಜಿನ್ ಮೇಲೆ ಬಂದ ಮೇಲೆ ಅದನ್ನು ಅಲ್ಲಾಡಿಸಲು ಹೋಗಬೇಡಿ, ಕಾರನ್ನೇ ಹಿಂದಕ್ಕೆ ತಳ್ಳಿ. ಆ ಖಾಲಿ ಜಾಗಕ್ಕೆ ಏಸ್ ರಿವರ್ಸ್ ಬರಲಿ. ನೇತಾಡೋ ಇಂಜಿನ್ ಕೆಳಗೆ ಕೈ ಕಾಲು ತಲೆ ಯಾವುದೂ ಬೇಡ.

ಇಷ್ಟೆಲ್ಲಾ ನಾವು ಸರಿಯಾಗೇ ಮಾಡಿದೆವು. ನಾನು ಕೆಟ್ಟಿದ್ದು ವಾಪಸ್ ಬರುವಾಗ.

ಬೋರಿಂಗ್ ಆಗಿ, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸೋ ದಂಡ) ಗ್ರೈಂಡ್ ಆಗಿ, ಅಲ್ಲೇ ಜೋಡಿಸಿ, ಬಣ್ಣ ಹೊಡೆದು ಇಂಜಿನ್ ರೆಡಿ ಇಟ್ಟಿದ್ದರು. ಮೇಸ್ತ್ರಿ ಫೋನಿನಲ್ಲಿ ಹೇಳಿದ್ದರು, "ಚೇಂಬರ್ ಮೇಲೆ ಕೂರಿಸಬೇಡ, ಅಡಿಗೆ ಮರ ಕೊಟ್ಟು ತಾ" ಅಂತ. ಏಸ್ ಡ್ರೈವರ್‌ಗೆ ಇನ್ನೊಂದು ಬಾಡಿಗೆ ಇತ್ತಂತೆ, ಅವಸರ ಮಾಡುತ್ತಿದ್ದ. ಮರ ಹುಡುಕಿಕೊಂಡು ಯಾರು ಹೋಗ್ತಾರೆ ಅಂತ ಒಂದು ಹಲಗೆ ಹಾಸಿ, ಅದರ ಮೇಲೆ ಇಂಜಿನ್ ಇಳಿಸಿ, ಮೇಲಿನಿಂದ ನೈಲಾನ್ ಹಗ್ಗ ಹಾಕಿ ಬಿಗಿಯಾಗಿ ಎಳೆದು ಕಟ್ಟಿದೆ. ಅಲ್ಲಾಡಲೇ ಇಲ್ಲ. ನನಗೆ ಅದೇ ಹೆಮ್ಮೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಬೇಜಾರಾದರೂ ಓದಿ. ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಚೇಂಬರ್ ಇದೆಯಲ್ಲ, ಅದು ತಗಡು. ಆಯಿಲ್ ಹಿಡಿಯೋಕೆ ಮಾಡಿದ್ದು, ಇಂಜಿನ್ ಹೊರೋಕಲ್ಲ. ಸುಮ್ನೆ ನೆಲದ ಮೇಲೆ ಇಟ್ಟರೆ ತಡೆಯುತ್ತೆ, ಅದಕ್ಕೇ ಎಲ್ಲರೂ ಮೋಸ ಹೋಗೋದು. ಗಾಡಿಯಲ್ಲಿ ಹಾಗಲ್ಲ. ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್, ಊರು ಬಂದಾಗಲೆಲ್ಲ ಹಂಪ್. ಪ್ರತಿ ಹಂಪಿಗೂ ಇಂಜಿನ್ ಒಮ್ಮೆ ಹಗುರಾಗಿ ಮತ್ತೆ ಧಪ್ಪಂತ ತಗಡಿನ ಮೇಲೆ ಕೂರುತ್ತೆ. ಸಾಲದ್ದಕ್ಕೆ ನನ್ನ ಹಗ್ಗವೂ ಕೆಳಕ್ಕೇ ಒತ್ತುತ್ತಿತ್ತು. ಮನೆ ಸೇರುವಷ್ಟರಲ್ಲಿ ಚೇಂಬರಿನ ತಳ ಅಂಗೈ ಅಗಲ ಒಳಕ್ಕೆ ಹೋಗಿತ್ತು. ಹೊಸ ಬಣ್ಣ ಬೇರೆ, ಕಣ್ಣಿಗೆ ಬೀಳಲಿಲ್ಲ.

ಚೇಂಬರ್ ಒಳಗೆ, ತಳಕ್ಕೆ ಸ್ವಲ್ಪವೇ ಸಂದು ಬಿಟ್ಟು, ಆಯಿಲ್ ಪಂಪಿನ ಜಾಲರಿ ಕೂತಿರುತ್ತೆ. ತಳ ಮೇಲೆದ್ದರೆ ಜಾಲರಿಯ ಬಾಯಿ ಮುಚ್ಚುತ್ತೆ. ಎಳನೀರಿನ ತಳಕ್ಕೆ ಸ್ಟ್ರಾ ಒತ್ತಿ ಹಿಡಿದು ಹೀರಿ ನೋಡಿ, ಗೊತ್ತಾಗುತ್ತೆ. ಬುರುಡೆ ತುಂಬಾ ನೀರಿದ್ದರೂ ಬಾಯಿಗೆ ಬರಲ್ಲ.

ಇಂಜಿನ್ ನನಗೆ ಸುಳಿವು ಕೊಟ್ಟಿತ್ತು. ಕಾರಿಗೆ ಕೂರಿಸಿದ ಮೇಲೆ ಪುಸ್ತಕದಲ್ಲಿ ಇದ್ದಷ್ಟೇ ಆಯಿಲ್ ಅಳೆದು ಹಾಕಿದೆ. ಆಯಿಲ್ ಮಟ್ಟ ನೋಡೋ ಕಡ್ಡಿ ಎಳೆದು ನೋಡಿದರೆ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು. ಚೇಂಬರ್ ಕುಗ್ಗಿದರೆ ಒಳಗೆ ಜಾಗ ಕಮ್ಮಿ, ಮಟ್ಟ ಮೇಲೇರಲೇಬೇಕು. ನಾನು "ಲೋಟದ ಅಳತೆ ತಪ್ಪಿರಬೇಕು" ಅಂದುಕೊಂಡು ಕಡ್ಡಿ ಒರೆಸಿ ಇಟ್ಟೆ.

ಐಡಲ್‌ನಲ್ಲಿ ಆಯಿಲ್ ಲೈಟ್ ಆರುತ್ತಿತ್ತು. ಅಷ್ಟು ನಿಧಾನಕ್ಕೆ ತಿರುಗುವಾಗ ಸಂದಿನಿಂದ ಬಂದಷ್ಟೇ ಆಯಿಲ್ ಸಾಕಾಗುತ್ತೆ. ಅರಸೀಕೆರೆ ರಸ್ತೆಯಲ್ಲಿ ಸ್ವಲ್ಪ ವೇಗ ಕೊಟ್ಟರೆ ಲೈಟ್ ಮಿಣುಕ್ ಮಿಣುಕ್. ಸ್ವಿಚ್ ಹೋಗಿದೆ ಅಂತ ಹೊಸ ಸ್ವಿಚ್ ಹಾಕಿಸಿ ಮತ್ತೆ ಓಡಿಸಿದೆ. ಕೆಂಪು ಲೈಟ್ ನೋಡಿ ಲೈಟನ್ನೇ ಅನುಮಾನಿಸೋ ಜಾತಿ ನಾವು. ಆಮೇಲೆ ಕೆಳಗಿನಿಂದ ಟಕ್ ಟಕ್ ಶುರುವಾಯಿತು. ಮೇಸ್ತ್ರಿ ಒಂದು ನಿಮಿಷ ಕೇಳಿ, "ಆಫ್ ಮಾಡು" ಅಂದರು. ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರೋ ಕಡೆಯ ಬಿಗ್ ಎಂಡ್ ಬೇರಿಂಗ್ ಹೋಗಿತ್ತು. ಚೇಂಬರ್ ಬಿಚ್ಚಿ ಒಳಗೆ ನೋಡಿದಾಗ ಉಬ್ಬಿದ ತಗಡಿನ ನೆತ್ತಿಯ ಮೇಲೆ ಜಾಲರಿಯ ಅಂಚು ಉಜ್ಜಿ ಬಳೆಯಷ್ಟು ಗುಂಡಗೆ ಹೊಳೆಯುತ್ತಿತ್ತು. ಆಗಷ್ಟೇ 10 ತೌ (ತೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಗ್ರೈಂಡ್ ಮಾಡಿಸಿದ್ದ ಕ್ರ್ಯಾಂಕನ್ನು 20ಕ್ಕೆ ಇಳಿಸಬೇಕಾಯಿತು. ಕೆಲಸವೂ ಎರಡು ಸಲ, ದುಡ್ಡೂ ಎರಡು ಸಲ.

ಈಗ ನಿಮ್ಮ ವಿಷಯ. ಪೂರ್ತಿ ಇಂಜಿನ್ ಯಾಕೆ ಸಾಗಿಸ್ತೀರಿ? ಬೋರಿಂಗ್ ಅಂಗಡಿಗೆ ಬೇಕಾಗಿರೋದು ಬ್ಲಾಕು, ಹೆಡ್ಡು, ಕ್ರ್ಯಾಂಕು, ಜೊತೆಗೆ ಹೊಸ ಪಿಸ್ಟನ್ನುಗಳು. ಪಿಸ್ಟನ್ ಕೈಯಲ್ಲಿದ್ದರೆ ಅದನ್ನು ಅಳೆದೇ ಬೋರ್ ಹೊಡೆಯುತ್ತಾರೆ. ಮನೆಯಲ್ಲೇ ಬಿಚ್ಚಿ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡೋ ಮೇನ್ ಬೇರಿಂಗ್ ಕ್ಯಾಪುಗಳಿಗೆ ನಂಬರ್ ಗುರುತು ಹಾಕಿ, ಯಾವುದು ಯಾವ ಕಡೆ ಅಂತ. ಅದಲು ಬದಲಾದರೆ ಕ್ರ್ಯಾಂಕ್ ಸಲೀಸಾಗಿ ತಿರುಗಲ್ಲ. ಕ್ರ್ಯಾಂಕಿಗೆ ಆಯಿಲ್ ಬಟ್ಟೆ ಸುತ್ತಿ. ವಾಪಸ್ ಬಂದ ಮೇಲೆ ಮೇಸ್ತ್ರಿಯನ್ನು ಮನೆಗೆ ಕರೆಸಿ ಜೋಡಿಸಿ. ಅಲ್ಲೇ ಜೋಡಿಸಿದರೆ ಗ್ಯಾರಂಟಿ ಸಿಗುತ್ತೆ ಅಂತ ಬರೆದಿದ್ದೀರಿ. ದಾರಿಯಲ್ಲಿ ಚೇಂಬರ್ ಬಗ್ಗಿದ್ದಕ್ಕೆ ಯಾವ ಅಂಗಡಿಯವರೂ ಗ್ಯಾರಂಟಿ ಕೊಡಲ್ಲ, ಕೊಡಬೇಕಾಗಿಯೂ ಇಲ್ಲ.

ಇಲ್ಲ, ಪೂರ್ತಿಯೇ ಒಯ್ಯಬೇಕು ಅಂದರೆ ದಪ್ಪ ಮರದಲ್ಲಿ ಒಂದು ಚೌಕಟ್ಟು ಹೊಡೆಸಿ. ಇಂಜಿನ್ನಿನ ಮುಂದಿನ ಮೌಂಟಿಂಗ್ ಪ್ಲೇಟು, ಹಿಂದೆ ಗೇರ್‌ಬಾಕ್ಸ್ ಸೇರೋ ಕಡೆಯ ಬೆಲ್ ಹೌಸಿಂಗ್, ಈ ಎರಡೇ ಮರದ ಮೇಲೆ ಕೂರಬೇಕು. ಚೇಂಬರ್ ಗಾಳಿಯಲ್ಲಿ ಇರಬೇಕು, ಕೆಳಗೆ ಕೈ ಆಡಿಸಿದರೆ ಏನೂ ತಗಲಬಾರದು. ಹಳೇ ಟೈರ್ ಸಾಕು ಅಂತ ಯಾರಾದರೂ ಹೇಳಿದರೆ, ಟೈರ್ ಬೀಳದಂತೆ ಹಿಡಿಯುತ್ತೆ ನಿಜ, ಭಾರ ಮಾತ್ರ ಚೇಂಬರಿನ ಮೇಲೇ ಇರುತ್ತೆ. ಹಗ್ಗವನ್ನು ಮೇಲಿನಿಂದ ಒತ್ತಿ ಕಟ್ಟಬೇಡಿ, ಬ್ಲಾಕಿನ ಪಕ್ಕಗಳಿಂದ ಡಾಲಾದ (ಏಸ್‌ನ ಸಾಮಾನು ಹಾಕೋ ತೊಟ್ಟಿಯ) ನಾಲ್ಕು ಮೂಲೆಗೆ ಎಳೆಯಿರಿ. ಆಯಿಲ್ ಮೊದಲೇ ಇಳಿಸಿಬಿಡಿ. ಡೀಸೆಲ್ ಪೈಪು ಬಿಚ್ಚಿದ ಬಾಯಿಗಳಿಗೆಲ್ಲ ಪ್ಲಾಸ್ಟಿಕ್ ಕಟ್ಟಿ, ಒಂದು ಕಾಳು ಮರಳು ಹೋದರೂ ಇಂಜೆಕ್ಟರ್ ಕೆಡುತ್ತೆ.

ಮತ್ತೆ, ಆರ್‌ಸಿಯ ಒಂದು ನಕಲು ಏಸ್ ಡ್ರೈವರ್ ಕೈಯಲ್ಲಿ ಇರಲಿ. ದಾರಿಯಲ್ಲಿ ಯಾರಾದರೂ ತಡೆದು ಈ ಇಂಜಿನ್ ಎಲ್ಲಿಯದು ಅಂತ ಕೇಳಿದರೆ ನಂಬರ್ ತಾಳೆ ನೋಡಲು ಬೇಕಾಗುತ್ತೆ.