ಮುಂಬೈಯ ಏಷ್ಯನ್ ಫ್ಯೂಷನ್ ರೆಸ್ಟೋರೆಂಟ್‌ನಲ್ಲಿ ಸಸ್ಯಾಹಾರಿಗಳು ಏನು ಕೇಳಿಕೊಳ್ಳಬೇಕು?

ಊರಿಂದ ಬಂದ ಅಮ್ಮನನ್ನು ಬಾಂದ್ರಾ ಕಡೆ ಇಂಥ, ಅಂದರೆ ಏಷ್ಯಾದ ನಾನಾ ಅಡುಗೆಗಳನ್ನು ಬೆರೆಸಿ ಬಡಿಸುವ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗುವುದಾದರೆ, ತಟ್ಟೆಯಲ್ಲಿ ಕಾಣುವುದಕ್ಕಿಂತ ಕಾಣದ್ದನ್ನೇ ಜಾಸ್ತಿ ವಿಚಾರಿಸಿ. ಥಾಯ್ ಕರಿಯ ಮಸಾಲೆ ರುಬ್ಬುವಾಗಲೇ ಸಿಗಡಿ ಪೇಸ್ಟ್ ಹಾಕುವುದು ವಾಡಿಕೆ. ಆಮೇಲೆ ಅದಕ್ಕೆ ಬರೀ ತರಕಾರಿ, ತೋಫು (ಸೋಯಾ ಪನೀರ್) ಹಾಕಿದರೆ ಏನು ಬಂತು? ಜಪಾನಿನ ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪಿಗೆ ಸಾಮಾನ್ಯವಾಗಿ ಒಣಮೀನು ಕುದಿಸಿದ ನೀರೇ ಬುನಾದಿ. ಕೊರಿಯಾದ ಉಪ್ಪಿನಕಾಯಿಯಂಥ ಕಿಮ್ಚಿಗೂ ಮೀನಿನ ಸಾಸ್ ಬೀಳುವುದುಂಟು.

'ವೆಜ್ ಇದೆಯಾ?' ಎಂದು ಸುಮ್ನೆ ಕೇಳಿದರೆ ಸಾಲದು. 'ಫಿಶ್ ಸಾಸ್, ಆಯ್ಸ್ಟರ್ (ಸಿಂಪಿ) ಸಾಸ್, ಸಿಗಡಿ ಪೇಸ್ಟ್ ಯಾವುದೂ ಇಲ್ಲ ತಾನೇ?' ಎಂದು ಬಿಡಿಸಿ ಕೇಳಿ. ಸಂಕೋಚ ಬೇಡ. ಜೈನ್ ಊಟ ಕೇಳುವವರು ತುಂಬಾ ಇರುವ ಊರಿದು, ವೇಟರ್‌ಗಳಿಗೆ ಇಂಥ ಪ್ರಶ್ನೆ ಅಭ್ಯಾಸವಾಗಿದೆ.

ಇಷ್ಟೆಲ್ಲ ರಗಳೆ ಬೇಡವೆಂದರೆ ಹತ್ತಿರದ ಉಡುಪಿ ಹೋಟೆಲಿನಲ್ಲಿ ಚೈನೀಸ್ ಶೈಲಿಯ ಖಾರದ ಸಾಸ್ ಹಚ್ಚಿದ ಷೆಜ್ವಾನ್ ದೋಸೆ ತಿನ್ನಿ. ಅದೂ ಫ್ಯೂಷನ್ನೇ, ಅಲ್ವಾ?