ತಟ್ಟೆಯ ಪಕ್ಕದ ತಕ್ಕಡಿ

ಅವರನ್ನು ಶಿವಣ್ಣ ಎಂದು ಕರೆಯುತ್ತೇನೆ. ವಯಸ್ಸು 42, ಹಾಸನದ ಕಡೆಯವರು, ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಆಪ್ತಸಲಹೆಗೆಂದು ನನ್ನ ಬಳಿಗೆ ಅವರನ್ನು ಕರೆತಂದವರು ಹೆಂಡತಿ. ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ನಡೆದ ಒಂದು ಊಟವೇ ಅದಕ್ಕೆ ಕಾರಣ.

ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು, ರಾಗಿಮುದ್ದೆ. ಅವ್ವ ಬಿಸಿ ಮುದ್ದೆಯನ್ನು ತಟ್ಟೆಗಿಟ್ಟ ಕೂಡಲೇ ಶಿವಣ್ಣ ಬ್ಯಾಗಿನಿಂದ ಪುಟ್ಟ ಡಿಜಿಟಲ್ ತಕ್ಕಡಿ ತೆಗೆದರು. ಮುದ್ದೆ ತೂಗಿ, ಅರ್ಧಕ್ಕಿಂತ ಹೆಚ್ಚು ಮುರಿದು ವಾಪಸ್ ಇಟ್ಟರು. ಸಾರಿಗೆ ಎಣ್ಣೆ ಎಷ್ಟು ಚಮಚ ಹಾಕಿದೆ ಎಂದು ಕೇಳಿದರು. ಅವ್ವ ಮಾತಾಡದೆ ಎದ್ದು ಹಿತ್ತಲಿಗೆ ಹೋದರು. "ನಾನು ಹೋಗಿ ನೋಡಿದ್ರೆ ಅತ್ತೆ ಅಳ್ತಾ ಇದ್ರು ಮೇಡಂ. ಇವ್ರಿಗೆ ಅದು ಗೊತ್ತೇ ಆಗ್ಲಿಲ್ಲ, ಫೋನಲ್ಲಿ ಗ್ರಾಮ್ ಬರ್ಕೊತಾ ಇದ್ರು" ಎಂದರು ಹೆಂಡತಿ.

ಶುರುವಾದದ್ದು ಸರಿಯಾದ ಕಾರಣಕ್ಕೇ. ತೂಕ 84 ಕಿಲೋ, ಎತ್ತರ 168 ಸೆಂಟಿಮೀಟರ್. ಮೂರು ತಿಂಗಳ ಸಕ್ಕರೆ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದಾರೆ ಎಂದರ್ಥ. ಆರು ಕಿಲೋ ಇಳಿಸಿ, ದಿನಾ ನಡೆಯಿರಿ ಎಂದರು ವೈದ್ಯರು. ಒಳ್ಳೆಯ ಸಲಹೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಇಂಥವರಿಗೆ ಕೊಟ್ಟಿದ್ದ ಗುರಿ ಶೇ 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ಚಟುವಟಿಕೆ. ಅಷ್ಟರಿಂದಲೇ ಮಧುಮೇಹಕ್ಕೆ ತಿರುಗುವ ಪ್ರಮಾಣ ಶೇ 58ರಷ್ಟು ತಗ್ಗಿತು. 84ರಲ್ಲಿ ಶೇ 7 ಅಂದರೆ ಹೆಚ್ಚುಕಡಿಮೆ ಆರು ಕಿಲೋ.

ಎರಡೇ ತಿಂಗಳಿಗೆ ಆರು ಕಿಲೋ ಇಳಿಯಿತು. ಆದರೆ ಅಷ್ಟರಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಅಳತೆ, 23ರ ಒಳಗಿರಬೇಕು ಎಂದು ಎಲ್ಲೋ ಓದಿದ ಶಿವಣ್ಣ ಗುರಿಯನ್ನು 65ಕ್ಕೆ ಇಳಿಸಿಕೊಂಡಿದ್ದರು. ಆ ಸೂತ್ರ ಹುಟ್ಟಿದ್ದು 19ನೇ ಶತಮಾನದಲ್ಲಿ, ಬೆಲ್ಜಿಯಂನ ಅಡಾಲ್ಫ್ ಕೆಟಲೆ ಎಂಬ ಗಣಿತಜ್ಞರಿಂದ. ಅವರು ವೈದ್ಯರಲ್ಲ, ಜನಸಮುದಾಯದ ಸರಾಸರಿ ದೇಹ ಹೇಗಿರುತ್ತದೆ ಎಂದು ನೋಡಲು ಹೊರಟವರು. ಒಬ್ಬ ಮನುಷ್ಯನ ಆರೋಗ್ಯಕ್ಕೆ ಅದೊಂದೇ ತೀರ್ಪಾಗಬಾರದು. ನನ್ನೆದುರು ಕುಳಿತಾಗ ಶಿವಣ್ಣ 71 ಕಿಲೋ ಇದ್ದರು. ಕೂದಲು ಉದುರುತ್ತಿತ್ತು, ಎದ್ದರೆ ತಲೆ ಸುತ್ತುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಹತ್ತು ಸಾವಿರ ಹೆಜ್ಜೆ ತುಂಬಿಸಲು ಮನೆಯ ಹಾಲ್‌ನಲ್ಲೇ ಸುತ್ತುತ್ತಿದ್ದರು.

ಇಲ್ಲಿ ನನ್ನದೊಂದು ತಪ್ಪು ಹೇಳಲೇಬೇಕು. ಮೊದಲ ದಿನ ಮಾತು ಸಲೀಸಾಗಲಿ ಎಂದು "13 ಕಿಲೋ ಇಳಿಸೋದು ಸಣ್ಣ ಮಾತಲ್ಲ ಬಿಡಿ" ಎಂದುಬಿಟ್ಟೆ. ಆ ಮೆಚ್ಚುಗೆ ಉಳಿಸಿಕೊಳ್ಳಲು ಆ ರಾತ್ರಿ ಊಟ ಬಿಟ್ಟೆ ಎಂದು ಅವರು ಮೂರನೇ ಭೇಟಿಯಲ್ಲಿ ಹೇಳಿದರು. ಈಗ ಯಾರೇ ಬಂದರೂ ನಾನು ದೇಹದ ಬಗ್ಗೆ ಹೊಗಳಿಕೆಯ ಮಾತನ್ನೂ ಆಡುವುದಿಲ್ಲ.

ರಾತ್ರಿ ಒಂದರವರೆಗೆ ಬಿರಿಯಾನಿ, ಒಬ್ಬಟ್ಟು ಮಾಡುವ ವಿಡಿಯೋ ನೋಡುತ್ತಾ ಕೂರುತ್ತಾರೆ ಎಂಬುದು ಹೆಂಡತಿಯ ಇನ್ನೊಂದು ದೂರು. ಶಿವಣ್ಣನಿಗೆ ಅದು ತನ್ನ ಚಪಲ ಎಂಬ ನಾಚಿಕೆ. ಅವರಿಗೆ ನಾನು ಮಿನೆಸೋಟ ವಿಶ್ವವಿದ್ಯಾಲಯದ ಪ್ರಯೋಗದ ಬಗ್ಗೆ ಹೇಳಿದೆ. 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆಯ ಊಟ ಕೊಟ್ಟರು. ಅವರಿಗೆ ಅನ್ನದ್ದೇ ಮಾತು, ಅನ್ನದ್ದೇ ಕನಸು. ಅಡುಗೆಯಲ್ಲಿ ಎಂದೂ ಆಸಕ್ತಿ ಇಲ್ಲದವರೂ ಅಡುಗೆ ಪುಸ್ತಕ ಹಿಡಿದು ಕೂತರು. ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ. ಶಿವಣ್ಣ ತಿನ್ನುತ್ತಿದ್ದದ್ದು 1,200. "ಹಂಗಾದ್ರೆ ಇದು ಹಸಿವಾ?" ಎಂದು ಕೇಳಿ ಬಹಳ ಹೊತ್ತು ಸುಮ್ಮನೆ ಕೂತರು.

ಅಂದೇ ಅಪ್ಪನ ಮಾತು ಬಂತು. ಅಪ್ಪನಿಗೆ ಸಕ್ಕರೆ ಕಾಯಿಲೆ. ಗದ್ದೆಯಲ್ಲಿ ಆದ ಕಾಲಿನ ಗಾಯ ವಾಸಿಯಾಗದೆ ಕೊನೆಗೆ ಕಾಲನ್ನೇ ತೆಗೆದಿದ್ದರು. ಮೂರು ತಿಂಗಳು ಬ್ಯಾಂಡೇಜ್ ಬದಲಿಸಿದವರು ಶಿವಣ್ಣ. "ನಮ್ಮಪ್ಪ ಒಂದಿನಾನೂ ಲೆಕ್ಕ ಇಡ್ಲಿಲ್ಲ ಮೇಡಂ. ಅದಕ್ಕೇ ನಾನು ಇಡ್ತೀನಿ." ಅವರು ದಿನಾ ತೂಕ ಬರೆದಿಟ್ಟಿದ್ದ ಐದು ತಿಂಗಳ ಎಕ್ಸೆಲ್ ಹಾಳೆ ನನಗೆ ಅರ್ಥವಾದದ್ದು ಆಗ. ಅಲ್ಲಿದ್ದದ್ದು ತೂಕವಲ್ಲ, ಆ ಗಾಯದ ಭಯ. ಹಾಳೆಯನ್ನು ಕಿತ್ತುಕೊಂಡರೆ ಭಯ ಬೀದಿಗೆ ಬೀಳುತ್ತದೆ. ಅದಕ್ಕೊಂದು ಜಾಗ ಕೊಡಬೇಕಿತ್ತು. ಹಾಗಾಗಿ ಎರಡು ಭೇಟಿ ಪೂರ್ತಿ ಅಪ್ಪನ ಬಗ್ಗೆಯೇ ಮಾತಾಡಿದೆವು.

ಸಲಹೆಗೆ ಬಂದಾಗ ಅವರ ಹಾಳೆಯಿಂದಲೇ ಶುರು ಮಾಡಿದೆ. ಮದುವೆ ಊಟದ ಮಾರನೇ ದಿನ 1.3 ಕಿಲೋ ಹೆಚ್ಚು ಎಂದು ಕೆಂಪಕ್ಷರದಲ್ಲಿತ್ತು. ಒಂದು ಕಿಲೋ ಕೊಬ್ಬು ಸೇರಲು ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು, ನೀವೇ ಲೆಕ್ಕ ಹಾಕಿ ಎಂದೆ. "ಹತ್ತು ಸಾವಿರ... ತಾಳೆ ಆಗಲ್ಲ" ಎಂದರು. ಆಗುವುದಿಲ್ಲ. ಅದು ಉಪ್ಪು ಹಿಡಿದಿಟ್ಟ ನೀರು, ಹೊಟ್ಟೆಯಲ್ಲಿ ಇನ್ನೂ ಇದ್ದ ಊಟ. ದಿನದ ತೂಕ ಒಂದೆರಡು ಕಿಲೋ ಏರಿಳಿಯುವುದು ಸಹಜ. ಅದನ್ನು ನೋಡಿ ಮರುದಿನ ಉಪವಾಸ ಮಾಡುವುದು ತಪ್ಪು ಲೆಕ್ಕದ ಮೇಲೆ ದಂಡ ಕಟ್ಟಿದಂತೆ.

ಮೊದಲು ವೈದ್ಯರ ಬಳಿಗೆ ವಾಪಸ್ ಕಳಿಸಿದೆ. ತಲೆಸುತ್ತಿಗೆ ಪರೀಕ್ಷೆ, ಎಷ್ಟು ತಿನ್ನಬೇಕು ಎಂಬ ಸ್ಪಷ್ಟ ಮಾತು ಅಲ್ಲಿಂದಲೇ ಬರಬೇಕು. ಇನ್ನು ಇಳಿಸುವುದು ಬೇಡ ಎಂದರು ಅವರು. ಮುದ್ದೆ ತೂಗುವ ತಕ್ಕಡಿಯನ್ನು ಅಂದೇ ತೆಗೆದಿಡಿಸಿದೆ. ತೂಕದ ಮಷಿನ್ ಅಟ್ಟ ಸೇರಿತು, ಹದಿನೈದು ದಿನಕ್ಕೊಮ್ಮೆ ಇಳಿಸುವುದು. ಊಟ ಬರೆದಿಡುವ ಫೋನಿನ ಆ್ಯಪ್ ಅಳಿಸಲು ಅವರಿಗೆ ಕೈ ಬರಲಿಲ್ಲ, ರಾತ್ರಿ ಊಟವೊಂದನ್ನು ಬರೆಯದೆ ಬಿಡುವುದರಿಂದ ಆರಂಭಿಸಿದೆವು. ತಟ್ಟೆಯ ಅರ್ಧ ಸೊಪ್ಪು, ಪಲ್ಯ; ಉಳಿದದ್ದರಲ್ಲಿ ಕಾಳು ಮತ್ತು ಮುದ್ದೆ ಅಥವಾ ಅನ್ನ. ಮನೆಯವರ ಜೊತೆ, ಅದೇ ಪಾತ್ರೆಯಿಂದ. ವಾಚ್ ಬಿಚ್ಚಿಟ್ಟು ಮಗನ ಜೊತೆ ನಡಿಗೆ. ಲೆಕ್ಕ ಬೇಕೇ ಬೇಕೆಂದರೆ ವೈದ್ಯರು ಹೇಳಿದಾಗ ಎಚ್‌ಬಿಎ1ಸಿ ಮಾಡಿಸಿ, ಅಪ್ಪ ನೋಡಿಕೊಳ್ಳದ ಸಂಖ್ಯೆ ಅದೇ ಎಂದೆ. ಮನೆಯವರಿಗೆ ಹೇಳಿದ್ದು ಒಂದೇ: ಸಣ್ಣ ಆದೆ, ದಪ್ಪ ಆದೆ, ಎರಡೂ ಬೇಡ.

ಶಿವಣ್ಣ ಹೇಳಿದರೆ ಕೇಳುವ ಹಂತದಲ್ಲಿದ್ದರು. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ಪ್ರಜ್ಞೆ ತಪ್ಪುವುದು, ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು ಕಂಡರೆ ಆಪ್ತಸಲಹೆಯೊಂದೇ ಸಾಲದು, ತಡಮಾಡದೆ ವೈದ್ಯರನ್ನೂ ಮನೋವೈದ್ಯರನ್ನೂ ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ನಾಲ್ಕು ತಿಂಗಳ ಬಳಿಕ ಎಚ್‌ಬಿಎ1ಸಿ 5.6 ಇತ್ತು, ತೂಕ 74. ಆ ಪರೀಕ್ಷೆಯ ಹಿಂದಿನ ವಾರ ಮಾತ್ರ ಅಟ್ಟದಿಂದ ಮಷಿನ್ ಇಳಿಸಿ ಒಂದೇ ದಿನ ಮೂರು ಸಲ ಹತ್ತಿದ್ದರಂತೆ. ರಾತ್ರಿ ನನಗೆ ಫೋನ್ ಮಾಡಿದರು. ಅಪ್ಪನ ತಿಥಿ ಯಾವಾಗ ಎಂದು ಕೇಳಿದೆ. ಇದೇ ವಾರ ಎಂದರು.